ಚಿಕಿತ್ಸೆ ಮುಗಿದ ಬಳಿಕ ಮನಸ್ಸಿನ ಪಾಡು
(ಶ್ರೀಮಠದ ಮಹೋತ್ಸವದ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಇಂದಿನ ಗೋಷ್ಠಿಯಲ್ಲಿ ನಾನು ವ್ಯಾಕರಣವನ್ನೋ ಶಾಸ್ತ್ರವಿಚಾರವನ್ನೋ ಕುರಿತು ಮಾತನಾಡುವೆನೆಂದು ತಾವು ಎಣಿಸಿರಬಹುದು. ಪಾಠಶಾಲೆಯಲ್ಲಿ ಮೂವತ್ತು ವರ್ಷ ಸೂತ್ರಗಳನ್ನು ಬಾಯಿಪಾಠ ಮಾಡಿಸಿದವನಿಗೆ ಅದು ಸುಲಭವಾದ ಕೆಲಸವೂ ಅಹುದು. ಆದರೆ ನನ್ನ ಮನೆಯಲ್ಲಿಯೇ ನಡೆದ ಒಂದು ಸಂಗತಿಯೂ ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಸೇರಿ ಬೇರೊಂದು ವಿಷಯವನ್ನು ನನ್ನ ಬಾಯಿಂದ ಆಡಿಸುತ್ತಲಿವೆ. ಮೂತ್ರಪಿಂಡದ ಅರ್ಬುದರೋಗಕ್ಕೆ, ಎಂದರೆ ಜನರು ಕಿಡ್ನಿಯ ಕ್ಯಾನ್ಸರ್ ಎನ್ನುವ ವ್ಯಾಧಿಗೆ, ಚಿಕಿತ್ಸೆಯನ್ನು ಪಡೆದು ಮನೆಗೆ ಬಂದವರ ಮನಃಸ್ಥಿತಿಯೇ ಆ ವಿಷಯವು.

ನನ್ನ ಹಿರಿಯಣ್ಣನವರು ಒಕ್ಕಲುತನದವರು. 2018ರಲ್ಲಿ ಅಜೀರ್ಣದ ಬಾಧೆಗೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಲಾಗಿ ಎಡದ ಮೂತ್ರಪಿಂಡದಲ್ಲಿ ಗಡ್ಡೆಯು ಕಂಡುಬಂದಿತು. ನೋವಿಲ್ಲ, ಮೂತ್ರದಲ್ಲಿ ರಕ್ತವಿಲ್ಲ. ಹಿಂದಿನ ದಿನ ಕುಂಟೆ ಹೊಡೆದು ಬಂದ ಮನುಷ್ಯರು. ಈ ವ್ಯಾಧಿಯು ಈಚೆಗೆ ಬಹುಮಟ್ಟಿಗೆ ಹೀಗೆಯೇ, ಮತ್ತೇನನ್ನೋ ಹುಡುಕಹೋದಾಗ ಗೊತ್ತಾಗುತ್ತದೆ. ತಿಂಗಳೊಳಗಾಗಿ ಶಸ್ತ್ರಚಿಕಿತ್ಸೆಯಾಗಿ ಆ ಮೂತ್ರಪಿಂಡವನ್ನೇ ತೆಗೆದರು. ಗಡ್ಡೆಯು ಹೊರಗೆ ಹರಡಿರಲಿಲ್ಲವಾದುದರಿಂದ ಮುಂದೆ ಔಷಧವೂ ಬೇಕಾಗಲಿಲ್ಲ. ಬಂಧುಗಳೆಲ್ಲರೂ ಬಂದು ಹೋಳಿಗೆಯ ಊಟ ಮಾಡಿ, "ಗಂಡಾಂತರ ಕಳೆಯಿತು" ಎಂದು ಹೇಳಿ ಹೋದರು.

ಮೂರು ತಿಂಗಳಾದ ಮೇಲೆ ಅಣ್ಣನವರು ಹೊಲಕ್ಕೆ ಹೋಗುವುದನ್ನು ಬಿಟ್ಟರು. ಎತ್ತುಗಳ ಮೈ ತಡವುವುದನ್ನೂ ಬಿಟ್ಟರು. ನಡುರಾತ್ರಿಯಲ್ಲಿ ಎದ್ದು ಕುಳ್ಳಿರುವರು. ಅತ್ತಿಗೆಯವರು ನನಗೆ ಹೇಳಿಕಳುಹಿದರು. ನಾನು ಹೋಗಿ ಮಾಡಿದ್ದೇನು? ಒಂದು ತಾಸು ದೇಹದ ಅನಿತ್ಯತೆಯನ್ನು ಕುರಿತು ಉಪದೇಶಿಸಿದೆನು, ಪ್ರಾರಬ್ಧವನ್ನು ಅನುಭವಿಸಿಯೇ ತೀರಿಸಬೇಕೆಂದೆನು, ಧೈರ್ಯವನ್ನು ತಂದುಕೊಳ್ಳಿರೆಂದೆನು. ಅವರು ತಲೆಬಾಗಿಸಿ ಎಲ್ಲವನ್ನೂ ಕೇಳಿ, "ಆಗಲಿ ತಮ್ಮಾ" ಎಂದರು. ಅಂದಿನಿಂದ ಎಂಟು ತಿಂಗಳು ತಮ್ಮ ದೇಹದ ಸುದ್ದಿಯನ್ನು ನನ್ನೊಡನೆ ಎತ್ತಲೇ ಇಲ್ಲ. ನನ್ನ ಮಾತು ನಾಟಿತೆಂದು ನಾನು ಸಂತೋಷಪಟ್ಟೆನು. ಓದಿದವನ ಮೌಢ್ಯಕ್ಕೆ ಬೇರೆ ಉದಾಹರಣೆ ಬೇಡ.

2019ರಲ್ಲಿ, ವರ್ಷ ತುಂಬಿದ ತಪಾಸಣೆಗೆ ಅವರ ಮಗನಿಗೆ ಬಿಡುವಿಲ್ಲದ್ದರಿಂದ ನಾನು ಜೊತೆಗೆ ಹೊರಟೆನು. ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ತಮ್ಮಾ, ನೋವು ಇದ್ದು ಹೋಗಿದ್ದರೆ, ಈಗ ಗುಣವಾಯಿತೆಂದು ನಂಬುತ್ತಿದ್ದೆ. ನೋವಿಲ್ಲದೆ ಬಂದದ್ದು ನೋವಿಲ್ಲದೆಯೇ ಮತ್ತೆ ಬಂದೀತಲ್ಲ? ನೀನು ಪ್ರಾರಬ್ಧವೆಂದೆ. ಯಾವ ಪಾಪ ಮಾಡಿದೆನೆಂದು ನಾನು ಅಂದಿನಿಂದ ಲೆಕ್ಕ ಹಾಕುತ್ತಿದ್ದೇನೆ."

ಬಾಂಧವರೇ, ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಬಳಿಕ ವೈದ್ಯರನ್ನು ಕೇಳಿಯೂ ಓದಿಯೂ ತಿಳಿದುಕೊಂಡೆನು. ಅಣ್ಣನವರ ಭಯವು ಭ್ರಮೆಯಲ್ಲ. ಈ ಅರ್ಬುದವು ಮರುಕಳಿಸುವುದಾದರೆ ಹೆಚ್ಚಾಗಿ ಮೊದಲಿನ ಐದು ವರ್ಷಗಳಲ್ಲಿ ಮರುಕಳಿಸುವುದು. ಹತ್ತು ವರ್ಷಗಳ ತರುವಾಯ ತಲೆದೋರಿದ್ದೂ ಉಂಟು. ಆದಕಾರಣ ವರ್ಷಗಟ್ಟಲೆ ತಪಾಸಣೆ ನಡೆಯುತ್ತಿರಬೇಕು. ಪ್ರತಿಯೊಂದು ತಪಾಸಣೆಯ ಹಿಂದಿನ ವಾರದಲ್ಲಿ ನಿದ್ರೆ ಕೆಡುವುದು, ಅನ್ನ ರುಚಿಸದಿರುವುದು, ಸಣ್ಣ ಬೆನ್ನುನೋವಿಗೂ ಎದೆ ನಡುಗುವುದು ಎಷ್ಟೋ ರೋಗಿಗಳ ಅನುಭವವಾಗಿದೆ. ಒಂದೇ ಮೂತ್ರಪಿಂಡ ಉಳಿಯಿತಲ್ಲಾ ಎಂಬ ಚಿಂತೆ ಬೇರೆ. ಅದಕ್ಕಾದರೋ ಸಮಾಧಾನವಿದೆ: ಉಳಿದದ್ದು ಆರೋಗ್ಯವಾಗಿದ್ದರೆ ಅದೊಂದೇ ಸಾಕಾಗುತ್ತದೆ, ಒಂದನ್ನು ದಾನಮಾಡಿ ದೀರ್ಘಕಾಲ ಬಾಳಿದವರು ಅನೇಕರಿದ್ದಾರೆ.

ರೋಗವು ಹರಡಿದವರ ಪಾಡು ಇನ್ನೂ ಕಠಿಣವಾದುದು. ಹಿಂದೆ ಅಂಥವರಿಗೆ ಇಂಟರ್‌ಫೆರಾನ್ ಎಂಬ ಔಷಧವನ್ನು ಕೊಡುತ್ತಿದ್ದರು. ಅದು ತಾನೇ ಕೆಲವರಲ್ಲಿ ವಿಷಾದರೋಗವನ್ನು ಉಂಟುಮಾಡುತ್ತಿತ್ತು. 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸುನಿಟಿನಿಬ್ ಮೊದಲಾದ ಗುಳಿಗೆಗಳಿಂದ ಆಯುಷ್ಯವು ಹೆಚ್ಚಿತಾದರೂ ಅತಿಯಾದ ಆಯಾಸವು ಬರುತ್ತದೆ. ಥೈರಾಯ್ಡ್ ಗ್ರಂಥಿಯು ಮಂದವಾಗಿ ಉತ್ಸಾಹವೇ ಬತ್ತಿಹೋಗುವುದೂ ಉಂಟು. ಅದನ್ನು ಮನೆಯವರು ಸೋಮಾರಿತನವೆಂದು ಎಣಿಸುವರು. ರಕ್ತಪರೀಕ್ಷೆಯಿಂದ ತಿಳಿದು ಔಷಧದಿಂದ ಸರಿಪಡಿಸಬಹುದಾದುದನ್ನು ಬೈಗಳಿಂದ ಸರಿಪಡಿಸಹೋಗುವುದು ಎಂಥ ಅನ್ಯಾಯ!

ವ್ಯಾಧಿಗಳಿಗೆ ಶರೀರ, ಮನಸ್ಸು ಇವೆರಡೂ ಆಶ್ರಯವೆಂದು ಚರಕಸಂಹಿತೆಯ ಮೊದಲನೆಯ ಅಧ್ಯಾಯದಲ್ಲಿಯೇ ಹೇಳಿದೆ. ಆ ಪಂಕ್ತಿಯನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಅಣ್ಣನವರ ಜಗಲಿಯ ಮೇಲೆ ಮಾತ್ರ ಅದು ನೆನಪಾಗಲಿಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಜಿಮ್ಮಿ ಹಾಲೆಂಡ್ ಎಂಬ ವೈದ್ಯೆಯು 1977ರಿಂದ ಅರ್ಬುದರೋಗಿಗಳ ಮನಸ್ಸಿನ ಆರೈಕೆಗೆಂದೇ ಒಂದು ವಿಭಾಗವನ್ನು ಕಟ್ಟಿ ಬೆಳೆಸಿದರು. ಮನೋರೋಗವೆಂದರೆ ರೋಗಿಗಳು ನಾಚಿ ಬಾಯಿಮುಚ್ಚುವರೆಂದು ತಿಳಿದು, ಅವರೂ ಅವರ ಸಂಗಡಿಗರೂ 'ಸಂಕಟ' ಎಂಬರ್ಥದ ಸಾಮಾನ್ಯ ಪದವನ್ನು ಬಳಸಿದರು. ಜ್ವರಮಾಪಕದಂತೆ ಸೊನ್ನೆಯಿಂದ ಹತ್ತರವರೆಗೆ ಗೆರೆಗಳುಳ್ಳ ಒಂದು ಚಿತ್ರವನ್ನು ತೋರಿಸಿ, "ಈ ವಾರ ನಿಮ್ಮ ಸಂಕಟ ಎಷ್ಟು?" ಎಂದು ಕೇಳುವರು. ನಾಲ್ಕು ಅಥವಾ ಅದಕ್ಕೆ ಮೇಲ್ಪಟ್ಟರೆ ಮುಂದಿನ ವಿಚಾರಣೆ ನಡೆಯುವುದು. ಎಷ್ಟು ಸರಳವಾದ ಉಪಾಯ! ನನ್ನ ಒಂದು ತಾಸಿನ ಉಪದೇಶದಲ್ಲಿ ಇಂತಹ ಒಂದು ಪ್ರಶ್ನೆಯೂ ಇರಲಿಲ್ಲ.

ಪ್ರಾರಬ್ಧದ ಮಾತನ್ನು ರೋಗಿಯ ಮುಂದೆ ಆಡುವುದನ್ನು ನಾನು ಬಿಟ್ಟಿದ್ದೇನೆ. ಧೂಮಪಾನ, ಅತಿಸ್ಥೂಲತೆ, ರಕ್ತದ ಒತ್ತಡ ಇವು ಈ ವ್ಯಾಧಿಯ ಸಂಭವವನ್ನು ಹೆಚ್ಚಿಸುತ್ತವೆ. ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿಯೂ ಬರುತ್ತದೆ. ಇವಾವುವೂ ಇಲ್ಲದವರಿಗೂ ಬರುತ್ತದೆ. ಹಾಗೆಂದು, ಬೀಡಿ ಸೇದಿದವನನ್ನು ಮಲಗಿದ ಹಾಸಿಗೆಯಲ್ಲಿ ಹಂಗಿಸುವುದೂ ಸಲ್ಲದು.

ನಿದ್ರೆಯೂ ಉತ್ಸಾಹವೂ ಎರಡು ವಾರಗಳಾದರೂ ಮರಳದಿದ್ದರೆ ಮನೋವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಒಂದೇ ಮೂತ್ರಪಿಂಡವಿರುವುದನ್ನು ಅವರಿಗೆ ಮರೆಯದೆ ಹೇಳಬೇಕು. ಏಕೆಂದರೆ ಲಿಥಿಯಂ ಮೊದಲಾದ ಕೆಲವು ಔಷಧಗಳನ್ನು ಮೂತ್ರಪಿಂಡದ ಶಕ್ತಿಯನ್ನು ನೋಡಿಯೇ ಕೊಡಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ನೀವೆಲ್ಲರೂ ಬಲ್ಲಿರಿ. ಅಷ್ಟು ದೂರ ಹೋಗಲಾರದವರಿಗೆ ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯ ಬಾಯಲ್ಲಿ ಬದುಕು ಸಾಕೆಂಬ ಮಾತು ಬಂದರಂತೂ ಒಂದು ದಿನವೂ ತಡೆಯಬಾರದು, ಅವರನ್ನು ಒಬ್ಬರನ್ನೇ ಬಿಡಲೂ ಬಾರದು.

ಅಣ್ಣನವರು ಆರು ತಿಂಗಳು ಮನೋವೈದ್ಯರ ಚಿಕಿತ್ಸೆಯಲ್ಲಿದ್ದರು. ಮುಂಗಾರಿನ ಬಿತ್ತನೆಗೆ ಹೊಲಕ್ಕೆ ಇಳಿದರು. ಭಯವು ಪೂರ್ತಿಯಾಗಿ ಹೋಗಿದೆಯೆಂದು ಅವರೂ ಹೇಳುವುದಿಲ್ಲ, ನಾನೂ ಹೇಳೆನು. ತಪಾಸಣೆಯ ಹಿಂದಿನ ರಾತ್ರಿ ನಾನು ಅವರ ಮನೆಯಲ್ಲಿಯೇ ಮಲಗುತ್ತೇನೆ; ಅವರು ಎದ್ದು ಕುಳಿತರೆ ನಾನೂ ಎದ್ದು ಕುಳ್ಳಿರುತ್ತೇನೆ. ಅವರು ಮಾತನಾಡಿದರೆ ಕೇಳುತ್ತೇನೆ; ಇಲ್ಲವಾದರೆ ಅತ್ತಿಗೆಯವರು ಚಹ ಕಾಸಿ ಕೊಡುತ್ತಾರೆ, ಕುಡಿದು ಸುಮ್ಮನಿರುತ್ತೇವೆ. ಇದನ್ನೆಲ್ಲ ಸಭೆಯಲ್ಲಿ ಹೇಳೆಂದು ಅಪ್ಪಣೆಕೊಟ್ಟವರೂ ಅವರೇ. ಅಗೋ, ಕಂಬದ ಬಳಿಯಲ್ಲಿ ಕುಳಿತಿದ್ದಾರೆ. ಮುಂದಿನ ತಪಾಸಣೆಯು ಬರುವ ಮಾಘಮಾಸದಲ್ಲಿದೆ.