ಜಕಾತಿ ನಾಕಾ ಮುಚ್ಚಿದ ಮೇಲೆ



1979ರ ಏಪ್ರಿಲ್ 1ರಂದು ಕರ್ನಾಟಕದ ಊರುಗಳಲ್ಲಿ ಜಕಾತಿ ರದ್ದಾಯಿತು. ಅಲ್ಲಿಯವರೆಗೆ ಪೇಟೆಗೆ ಸರಕು ಹೇರಿಕೊಂಡು ಬಂದ ಚಕ್ಕಡಿಯಾಗಲಿ, ಲಾರಿಯಾಗಲಿ ಊರ ಹೊರಗಿನ ನಾಕಾದಲ್ಲಿ ನಿಲ್ಲಲೇಬೇಕಿತ್ತು. ಕಾರಕೂನ ಹೇರು ನೋಡುವುದು, ದರಪಟ್ಟಿ ತಿರುವುವುದು, ಹಣ ಎಣಿಸಿಕೊಂಡು ಪಾವತಿ ಹರಿದುಕೊಡುವುದು. ವ್ಯಾಪಾರಿಗಳಿಗೆ ಅದೊಂದು ಕಿರಿಕಿರಿ. ಪುರಸಭೆಗೆ ಮಾತ್ರ ದಿನಾ ಸಂಜೆ ಕೈಗೆ ಬರುವ ರೊಕ್ಕ. ಯಾರನ್ನೂ ಬೇಡಬೇಕಿರಲಿಲ್ಲ, ಯಾರ ಮನೆ ಬಾಗಿಲನ್ನೂ ತಟ್ಟಬೇಕಿರಲಿಲ್ಲ.

ಜಕಾತಿ ಹೋದ ಮೇಲೆ ಊರು ನೆಚ್ಚಬೇಕಾದದ್ದು ಮನೆಪಟ್ಟಿಯನ್ನು, ಅಂದರೆ ಮನೆಯ ಮೇಲಿನ ತೆರಿಗೆಯನ್ನು. ಮನೆಗೆ ಪಟ್ಟಿ ಹಾಕುವ ರೂಢಿ ನಮ್ಮ ಸೀಮೆಗೆ ಹೊಸದೇನಲ್ಲ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ 8ನೇ ಶತಮಾನದಲ್ಲಿ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ಕೊಟ್ಟ ಕಟ್ಟಳೆಯ ಶಾಸನ ಸಿಕ್ಕಿದೆ. ಅಲ್ಲಿನ ಮಹಾಜನರು, ನಗರ ಎಂಬ ವರ್ತಕರ ಕೂಟ ಮತ್ತು ಹದಿನೆಂಟು ಪ್ರಕೃತಿಗಳೆಂಬ ಪ್ರಜಾವರ್ಗಗಳಿಗೆ ಅದು ವ್ಯವಸ್ಥೆ ಮಾಡಿಕೊಟ್ಟಿತು. ಅದರ ಪ್ರಕಾರ ಎಲ್ಲ ಮನೆಗೂ ಒಂದೇ ದರವಿಲ್ಲ. ಅನುಕೂಲಸ್ಥರಿಗೆ ಹೆಚ್ಚು, ಬಡವರಿಗೆ ಕಡಿಮೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರವೂ ಆಸ್ತಿ ತೆರಿಗೆಯ ಹಿಂದಿನ ಲೆಕ್ಕಾಚಾರ ಇಷ್ಟೇ.

ಬ್ರಿಟಿಷರ ಕಾಲಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಲ್ಲವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1850ರ ಕಾಯ್ದೆ, ಊರವರೇ ಬಯಸಿದರೆ ಮುನಸಿಪಾಲಟಿ ಕಟ್ಟಿಕೊಳ್ಳಿರೆಂದಿತು. ತಾವೇ ಮುಂದಾಗಿ ತೆರಿಗೆ ಬೇಡುವವರು ಯಾರು? 1882ರಲ್ಲಿ ಲಾರ್ಡ್ ರಿಪ್ಪನ್ನನ ಠರಾವು ಬಂದ ಮೇಲೆ ಚುನಾಯಿತ ಸದಸ್ಯರಿಗೆ ಅವಕಾಶ ಹಿಗ್ಗಿತು. 1901ರ ಮುಂಬಯಿ ಜಿಲ್ಲಾ ಮುನಸಿಪಲ್ ಕಾಯ್ದೆ ಊರಾಡಳಿತಕ್ಕೆ ಚೌಕಟ್ಟು ಹಾಕಿತು. ಏಕೀಕರಣದ ನಂತರ 1964ರ ಪುರಸಭೆಗಳ ಕಾಯ್ದೆ ರಾಜ್ಯಕ್ಕೆಲ್ಲ ಒಂದೇ ನಿಯಮ ತಂದಿತು.

ಜಕಾತಿ ಹೋದಾಗ ರಾಜ್ಯ ಸರ್ಕಾರ ಪ್ರವೇಶ ತೆರಿಗೆ ಹಾಕಿ, ಊರುಗಳ ನಷ್ಟ ತುಂಬಿಕೊಡುವ ಹೊಣೆ ಹೊತ್ತಿತು. ದಿನಾ ಬರುತ್ತಿದ್ದ ರೊಕ್ಕ ಬೆಂಗಳೂರಿನಿಂದ ಬರುವ ಅನುದಾನವಾಯಿತು. 2017ರಲ್ಲಿ ಜಿಎಸ್‌ಟಿ ಬಂದು ಆ ಪ್ರವೇಶ ತೆರಿಗೆಯನ್ನೂ ನುಂಗಿತು. ಊರು ತಾನೇ ಹಾಕಿ ತಾನೇ ವಸೂಲು ಮಾಡುವ ದೊಡ್ಡ ತೆರಿಗೆ ಎಂದರೆ ಉಳಿದದ್ದು ಮನೆಪಟ್ಟಿ ಒಂದೇ.

ಹಿಂದೆ ಅದನ್ನು ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ಲೆಕ್ಕ ಹಾಕುತ್ತಿದ್ದರು. ಮನೆಗೆ ಎಷ್ಟು ಬಾಡಿಗೆ ಬಂದೀತು ಎಂಬುದು ಅಂದಾಜು ಮಾಡುವವನ ಕಣ್ಣಳತೆಗೆ ಬಿಟ್ಟ ಮಾತು. ಬೆಂಗಳೂರು 2000ದಲ್ಲಿ ಸ್ವಯಂ ಘೋಷಣೆಗೆ ಹೊರಳಿತು. ಉಳಿದ ಊರುಗಳಿಗೆ 2005ರ ಏಪ್ರಿಲ್‌ನಿಂದ, ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆ ಆಧರಿಸಿದ ಬಂಡವಾಳ ಮೌಲ್ಯ ಪದ್ಧತಿ ಬಂತು.

ಅಷ್ಟರಲ್ಲಿ ಬಾಗಲಕೋಟೆಗೆ ಬೇರೆ ಊರಿಗಿಲ್ಲದ ಪೇಚು ಬಂದಿತ್ತು. ಆಲಮಟ್ಟಿ ಜಲಾಶಯದ ಮಟ್ಟ 519.6 ಮೀಟರಿಗೆ ಏರಿದಂತೆ ಘಟಪ್ರಭೆಯ ದಂಡೆಯ ಹಳೆ ಊರಿನ ದೊಡ್ಡ ಭಾಗ ಮುಳುಗಡೆಯ ಪಟ್ಟಿಗೆ ಸೇರಿತು. ಮುಳುಗಡೆಯ ಮನೆಗಳ ಜೊತೆ ಅವುಗಳ ಪಟ್ಟಿಯೂ ಹೋಯಿತು. 1983ರ ವಿಶೇಷ ಕಾಯ್ದೆಯಡಿ ಹುಟ್ಟಿದ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ನಕ್ಷೆಯಂತೆ ನವನಗರ ಕಟ್ಟಿತು. ಸೆಕ್ಟರು, ಅಗಲವಾದ ರಸ್ತೆ, ಒಳಚರಂಡಿ ಎಲ್ಲವೂ ಜಲಾಶಯ ಯೋಜನೆಯ ದುಡ್ಡಿನಲ್ಲಿ ಆದವು. ಕಟ್ಟಲು ಯೋಜನೆ ದುಡ್ಡು ಕೊಡುತ್ತದೆ. ಮೂವತ್ತು ವರ್ಷದ ನಂತರ ಒಡೆದ ಪೈಪು ಬದಲಿಸಲು ಯಾರು ಕೊಡುತ್ತಾರೆ? ಮನೆಪಟ್ಟಿಯ ಪ್ರಶ್ನೆ ಶುರುವಾಗುವುದೇ ಇಲ್ಲಿ.

ಹಳೆ ಊರಿಗೂ ನವನಗರಕ್ಕೂ ನಡುವೆ ವಿದ್ಯಾಗಿರಿ ಇದೆ. 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವಿದ್ಯಾವರ್ಧಕ ಸಂಘದ ಕಾಲೇಜುಗಳ ಸುತ್ತ ಬೆಳೆದ ಬಡಾವಣೆ ಇದು. ಎಂಜಿನಿಯರಿಂಗ್ ಕಾಲೇಜು 1963ರದು. ವಿದ್ಯಾಸಂಸ್ಥೆಗಳಿಗೂ ಪೂಜಾಸ್ಥಳಗಳಿಗೂ ಕಾಯ್ದೆ ಷರತ್ತಿನ ಮೇಲೆ ವಿನಾಯಿತಿ ಕೊಡುತ್ತದೆ. ಕೇಂದ್ರ ಸರ್ಕಾರದ ಆಸ್ತಿಗೆ ಸಂವಿಧಾನದ 285ನೇ ವಿಧಿಯ ರಕ್ಷಣೆಯಿದೆ. ಹೀಗಾಗಿ ಇಂಥ ಬಡಾವಣೆಗಳಲ್ಲಿ ಕಾಲೇಜಿನ ಆಸುಪಾಸಿನ ಮನೆ, ಝೆರಾಕ್ಸ್ ಅಂಗಡಿ, ಖಾನಾವಳಿ, ಬಾಡಿಗೆ ಕೋಣೆಗಳ ಮಾಲೀಕರ ಮೇಲೆಯೇ ಹೆಚ್ಚು ಭಾರ ಬೀಳುತ್ತದೆ.

ತುಂಬಿದ ಹಣವೆಲ್ಲ ನಗರಸಭೆಗೇ ಉಳಿಯುತ್ತದೆ ಎಂದುಕೊಳ್ಳಬೇಡಿ. ಚಲನ್ ಒಂದನ್ನು ಬಿಡಿಸಿ ನೋಡಿ. ತೆರಿಗೆ 1,000 ರೂಪಾಯಿ ಆಗಿದ್ದರೆ ಅದರ ಮೇಲೆ ಆರೋಗ್ಯ ಕರ 150, ಗ್ರಂಥಾಲಯ ಕರ 60, ಭಿಕ್ಷುಕರ ಕರ 30 ರೂಪಾಯಿ. ಈ 240 ರೂಪಾಯಿ ವಸೂಲು ಮಾಡುವುದು ನಗರಸಭೆ, ಒಪ್ಪಿಸಬೇಕಾದದ್ದು ಬೇರೆಯವರಿಗೆ. ಹಾಗೆ ಒಪ್ಪಿಸದೆ ಬಾಕಿ ಇಟ್ಟುಕೊಳ್ಳುವ ಸ್ಥಳೀಯ ಸಂಸ್ಥೆಗಳೂ ಉಂಟು.

ನಗರಸಭೆಯ ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಯಲ್ಲಿ ‘ಉಳಿತಾಯ ಬಜೆಟ್’ ಎಂಬ ತಲೆಬರಹ ಬರುತ್ತದೆ. ಅದಕ್ಕೆ ಹಿಗ್ಗುವ ಅಗತ್ಯವಿಲ್ಲ. ಹಿಂದಿನ ವರ್ಷ ಖರ್ಚಾಗದೆ ಉಳಿದ ಅನುದಾನ ಆರಂಭಿಕ ಶಿಲ್ಕಾಗಿ ಸೇರಿದರೂ ಉಳಿತಾಯ ಕಾಣಿಸುತ್ತದೆ. ನಿಜ ಗೊತ್ತಾಗುವುದು ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಕಾಲಮ್ಮಿನ ತಖ್ತೆಯಲ್ಲಿ. 15ನೇ ಹಣಕಾಸು ಆಯೋಗವಂತೂ ರಾಜ್ಯಗಳು ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡಬೇಕು, ರಾಜ್ಯದ ಆರ್ಥಿಕತೆ ಬೆಳೆದಂತೆ ವಸೂಲಿಯೂ ಬೆಳೆಯಬೇಕು ಎಂಬ ಷರತ್ತನ್ನು ಅನುದಾನಕ್ಕೆ ಕಟ್ಟಿತು.

ಮನೆಪಟ್ಟಿಯನ್ನು ಏಪ್ರಿಲ್ ತಿಂಗಳೊಳಗೆ ತುಂಬಿದವರಿಗೆ ಶೇಕಡಾ 5 ರಿಯಾಯಿತಿ. ಜುಲೈಯಿಂದ ತಿಂಗಳಿಗೆ ಶೇಕಡಾ 2ರಂತೆ ದಂಡ. ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತಾರೆ. ಪಟ್ಟಿ ತುಂಬಿದ ಪಾವತಿ ಕಿಸೆಯಲ್ಲಿಟ್ಟುಕೊಂಡು ಆ ಸಭೆಗೆ ಹೋಗಿ, ಮೊದಲು ಆ ಮೂರು ಕಾಲಮ್ಮಿನ ತಖ್ತೆ ತೋರಿಸಿರೆಂದು ಕೇಳಿ.