ಹುಲ್ಲು ಬೆಳೆಯುವ ಕಾಂಕ್ರೀಟು: ರಂಧ್ರವೆಷ್ಟು, ಬಲವೆಷ್ಟು?

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ರೈತರಿಗಾಗಿ ನೀಡಿದ ಭಾಷಣ)



ಮಳೆಗಾಲದಲ್ಲಿ ತುಂಗಭದ್ರೆ ತುಂಬಿ ಹರಿದು ಇಳಿದಾಗ ಹೊನ್ನಾಳಿ, ನ್ಯಾಮತಿ ಕಡೆಯ ದಂಡೆ ಜಮೀನಿನ ಅಂಚು ಕುಸಿಯುವುದುಂಟು. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಬಸಿಗಾಲುವೆಯ ಪಕ್ಕ ಜರಿಯುವುದುಂಟು. ಮಳೆ ಕಡಿಮೆಯಿರುವ ಜಗಳೂರಿನಲ್ಲಿಯೂ ಒಮ್ಮೆಲೇ ಸುರಿದ ಮಳೆ ಕೃಷಿಹೊಂಡದ ಬಾಯಿಯನ್ನು ಕೊರೆದು ಹೂಳನ್ನು ಒಳಕ್ಕೆ ತರುತ್ತದೆ. ಕೊಚ್ಚಿಹೋದ ಮೇಲ್ಮಣ್ಣು ರೈತನ ಜೀವಮಾನದಲ್ಲಿ ಮರಳಿ ಬಾರದು.

ಇಳಿಜಾರಿಗೆ ಹುಲ್ಲು ಸಾಲದೆಂದು ಗಟ್ಟಿ ಕಾಂಕ್ರೀಟು ಹಾಕಿದರೆ ಇನ್ನೊಂದು ತೊಂದರೆ. ಹೊರಗಿನ ನೀರು ಇಳಿದಾಗ ಹಿಂದಿನ ಮಣ್ಣಿನಲ್ಲಿ ನಿಂತ ನೀರಿಗೆ ದಾರಿಯಿಲ್ಲದೆ ಅದು ಚಪ್ಪಡಿಯನ್ನೇ ತಳ್ಳುತ್ತದೆ. ಇವೆರಡರ ನಡುವಿನ ಉಪಾಯವೇ ರಂಧ್ರಯುಕ್ತ ಕಾಂಕ್ರೀಟು. 1990ರ ದಶಕದಲ್ಲಿ ಜಪಾನಿನಲ್ಲಿ ಸಸ್ಯ ಬೆಳೆಯುವ ಇಂಥ ಕಾಂಕ್ರೀಟಿನ ಮೇಲೆ ಸಾಕಷ್ಟು ಕೆಲಸ ನಡೆಯಿತು.

ಇದರಲ್ಲಿ ಮರಳು ಇರುವುದಿಲ್ಲ. ಒಂದೇ ಗಾತ್ರದ ಜಲ್ಲಿಕಲ್ಲುಗಳು ಸಿಮೆಂಟಿನ ತೆಳು ಲೇಪದಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಡುವಿನ ಸಂದಿಯಲ್ಲಿ ನೀರು ಇಳಿಯುತ್ತದೆ, ಬೇರು ಹಾಯುತ್ತದೆ. ಆದರೆ ರಂಧ್ರ ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ. ಸಾಧಾರಣ ಕಾಂಕ್ರೀಟಿನಲ್ಲಿಯೇ ಶೇಕಡಾ 5ರಷ್ಟು ಸಂದು ಉಳಿದರೆ ಬಲ ಸುಮಾರು ಶೇಕಡಾ 30ರಷ್ಟು ಕಡಿಮೆಯಾಗುತ್ತದೆ. ಹುಲ್ಲಿಗೆ ಶೇಕಡಾ 20 ರಿಂದ 30ರಷ್ಟು ರಂಧ್ರ ಬೇಕು. ಆಗ ಚದರ ಮಿಲಿಮೀಟರಿಗೆ ಸುಮಾರು 5 ರಿಂದ 10 ನ್ಯೂಟನ್ ಬಲವಷ್ಟೇ ಸಿಗುತ್ತದೆ. ಮನೆಯ ತಾರಸಿಗೆ ಕನಿಷ್ಠ 20 ಬೇಕು. ಆದುದರಿಂದ ಇದು ಇಳಿಜಾರಿನ ಹೊದಿಕೆಗೆ ತಕ್ಕದ್ದೇ ಹೊರತು ಟ್ರ್ಯಾಕ್ಟರ್ ಓಡಾಡುವ ದಾರಿಗಲ್ಲ, ಗೋಡೆಗಲ್ಲ. ರಂಧ್ರದಲ್ಲಿ ನೀರು, ಗಾಳಿ ಆಡುವುದರಿಂದ ಕಬ್ಬಿಣದ ಕಂಬಿ ತುಕ್ಕು ಹಿಡಿಯುತ್ತದೆ, ಕಂಬಿ ಹಾಕಬಾರದು.

ಸಂದು ಎಷ್ಟೆಂದು ಬಕೆಟ್ಟಿನಿಂದಲೇ ತಿಳಿಯಬಹುದು. 10 ಲೀಟರಿನ ಬಕೆಟ್ಟಿಗೆ 20 ಮಿ.ಮೀ. ಜಲ್ಲಿ ತುಂಬಿ, ಅಂಚಿನವರೆಗೆ ನೀರನ್ನು ಅಳೆದು ಹೊಯ್ಯಿರಿ. ಸುಮಾರು 4 ರಿಂದ 4.5 ಲೀಟರು ಹಿಡಿಸಿದರೆ ಜಲ್ಲಿ ಸರಿಯಾಗಿದೆ. ಕಡಿಮೆ ಹಿಡಿಸಿದರೆ ಪುಡಿ ಬೆರೆತಿದೆ ಎಂದರ್ಥ, ಜರಡಿ ಹಿಡಿಯಬೇಕು. 50 ಕಿಲೋ ಸಿಮೆಂಟಿಗೆ 250 ಕಿಲೋ ಜಲ್ಲಿ, ಸುಮಾರು 15 ಲೀಟರು ನೀರು ಬಳಸಿದರೆ ಕೊನೆಗೆ ನಾಲ್ಕನೇ ಒಂದು ಪಾಲು ಸಂದು ಉಳಿಯುತ್ತದೆ. ನೀರು ಹೆಚ್ಚಾದರೆ ಸಿಮೆಂಟು ಇಳಿದು ತಳದ ರಂಧ್ರ ಮುಚ್ಚುತ್ತದೆ. ಕಡಿಮೆಯಾದರೆ ಕಲ್ಲು ಬಿಡಿಬಿಡಿಯಾಗಿ ಉದುರುತ್ತದೆ. ವೈಬ್ರೇಟರ್ ಬಳಸದೆ ಹಲಗೆಯಿಂದ ಮೆಲ್ಲಗೆ ತಟ್ಟಿ, 7 ದಿನ ಪಾಲಿಥೀನ್ ಹಾಳೆ ಮುಚ್ಚಿಡಬೇಕು.

ಹೊಸ ಸಿಮೆಂಟಿನ ರಸಸಾರ 12ಕ್ಕೂ ಹೆಚ್ಚು. ಹೆಚ್ಚಿನ ಬೆಳೆಗಳಿಗೆ 6 ರಿಂದ 7.5 ಹಿತ. ತಕ್ಷಣ ನಾಟಿ ಮಾಡಿದರೆ ಬೇರು ಸುಡುತ್ತದೆ. ಸ್ಲ್ಯಾಗ್ ಸಿಮೆಂಟು ಬಳಸಿ, ಕೆಲವು ವಾರ ಪದೇಪದೇ ನೀರು ಹಾಯಿಸಿ ಕ್ಷಾರ ತೊಳೆಯಬೇಕು. ಬಳಿಕ ಜರಡಿ ಹಿಡಿದ ಮಣ್ಣು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ತೆಳ್ಳಗೆ ಕಲಸಿ ರಂಧ್ರಗಳಿಗೆ ಇಳಿಸಿ, ಮೇಲೆ ಎರಡು ಬೆರಳಷ್ಟು ಮಣ್ಣು ಹರಡಿ ಗರಿಕೆ ತುಂಡುಗಳನ್ನು ಊರಬೇಕು. ಬೇರು ದಪ್ಪವಾಗುವ ಮರಗಿಡಗಳು ಬೇಡ. ಜಗಳೂರಿನ ಬಿಸಿಲಿಗೆ ತೆಳು ಮಣ್ಣು ಬೇಗ ಒಣಗುವುದರಿಂದ, ಮಳೆ ಹಿಡಿದ ಮೇಲೆಯೇ ನೆಡುವುದು ಲೇಸು.

ಹೊದಿಕೆಯ ಅಡಿಯಲ್ಲಿ ಸಣ್ಣ ಜಲ್ಲಿಯ ಪದರವಿರಲಿ; ಇಲ್ಲದಿದ್ದರೆ ನುಣುಪು ಮಣ್ಣು ರಂಧ್ರದ ಮೂಲಕವೇ ಸೋರಿಹೋಗುತ್ತದೆ. ಇಳಿಜಾರಿನ ಬುಡಕ್ಕೆ ಕಲ್ಲಿನ ಆಧಾರವೂ ಅವಶ್ಯಕ. ಕೃಷಿಹೊಂಡದ ತಳಕ್ಕೆ ಮಾತ್ರ ಇದನ್ನು ಎಂದೂ ಹಾಕಬಾರದು, ನೀರು ಇಂಗಿಹೋಗುತ್ತದೆ. ನೀರು ಒಳಬರುವ ಬಾಯಿಗೆ ಸಾಕು.

ನದಿ ದಂಡೆ, ಕಾಲುವೆ ಏರಿಗಳನ್ನು ಇಲಾಖೆಯ ಅನುಮತಿಯಿಲ್ಲದೆ ಮುಟ್ಟಬಾರದು. ಸ್ವಂತ ಜಮೀನಿನಲ್ಲಿ ಲಾವಂಚದ ಸಾಲೊಂದೇ ಮಣ್ಣು ಹಿಡಿದರೆ ಸಿಮೆಂಟಿನ ಖರ್ಚು ಬೇಡ. ಹಿಡಿಯದ ಕಡೆ, ಮೊದಲು ಒಂದು ಮಾರು ಉದ್ದಕ್ಕೆ ಹಾಕಿ, ಒಂದು ಮಳೆಗಾಲ ಕಳೆಯಲಿ. ಹುಲ್ಲು ನಿಂತು, ಮಣ್ಣೂ ನಿಂತರೆ ಮುಂದುವರಿಯುವುದು ಜಾಣತನ.