ಕೂತು ಮಾಡುವ ಕೆಲಸವೂ ಕೆಲಸವೇ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ವಿಕಲಚೇತನರ ಹಕ್ಕುಗಳ ಬಗ್ಗೆ ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಇಪ್ಪತ್ತು ನಿಮಿಷ ಮೀರಬೇಡಿ ಎಂದೂ ಹೇಳಿದ್ದಾರೆ. ಊಟಕ್ಕೆ ಕಡುಬು ಇದೆಯಂತೆ, ಆದ್ದರಿಂದ ಎರಡನೆಯ ಮಾತನ್ನು ತಪ್ಪದೆ ಪಾಲಿಸುತ್ತೇನೆ.

ನಮ್ಮ ಕಡೆಯವರಿಗೆ ಯಾವ ವಿಷಯವನ್ನಾದರೂ ಕಾಫಿಯಿಂದ ಶುರು ಮಾಡಿದರೆ ಸಲೀಸು. 2017ರಲ್ಲಿ ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಅಲೀನಾ ಆಲಂ ಎಂಬ ಹೆಣ್ಣುಮಗಳು ‘ಮಿಟ್ಟಿ ಕೆಫೆ’ ಎಂಬ ಸಣ್ಣ ಕಾಫಿ ಅಂಗಡಿ ತೆರೆದರು. ಅಲ್ಲಿ ಕಾಫಿ ಮಾಡುವವರು, ತಂದುಕೊಡುವವರು, ಲೆಕ್ಕ ನೋಡುವವರು ವಿಕಲಚೇತನರು. 2023ರ ನವೆಂಬರಿನಲ್ಲಿ ಅದೇ ಕೆಫೆಯ ಒಂದು ಶಾಖೆ ದೆಹಲಿಯ ಸುಪ್ರೀಂ ಕೋರ್ಟಿನ ಆವರಣದಲ್ಲಿ ಆರಂಭವಾಯಿತು. ಅದನ್ನು ಉದ್ಘಾಟಿಸಿದವರು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ನಮ್ಮ ಜಿಲ್ಲೆಯ ವಿ.ಜಿ. ಸಿದ್ಧಾರ್ಥ ಕಟ್ಟಿದ ಕೆಫೆ ಕಾಫಿ ಡೇಯಲ್ಲೂ ಕಿವಿ ಕೇಳಿಸದ, ಮಾತು ಬಾರದ ಹುಡುಗ ಹುಡುಗಿಯರನ್ನು ಕಾಫಿ ತಯಾರಿಸುವ ಕೆಲಸಕ್ಕೆ ತೆಗೆದುಕೊಂಡಿದ್ದರು.

ಕಾಫಿಯ ಆ ತುದಿಯಲ್ಲಿ, ಎಂದರೆ ಕಪ್ಪಿನ ತುದಿಯಲ್ಲಿ, ಜಾಗ ಸಿಕ್ಕಿದೆ. ಗಿಡ ಇರುವ ಈ ತುದಿಯಲ್ಲಿ ಏನಾಗಿದೆ ಎಂಬುದು ನನ್ನ ಪ್ರಶ್ನೆ. ಮೂಡಿಗೆರೆ, ಕಳಸದ ಕಡೆಯ ತೋಟಗಳಲ್ಲಿ ಹುಟ್ಟಿನಿಂದ ವಿಕಲಚೇತನರಾದವರು ಇದ್ದಾರೆ, ಪೋಲಿಯೋ ಕಾಲದವರು ಇದ್ದಾರೆ. ಅವರ ಜೊತೆಗೆ, ತೋಟದ ಕೆಲಸವೇ ಹೀಗೆ ಮಾಡಿದವರೂ ಇದ್ದಾರೆ. ಮಳೆ ಹಿಡಿಯುವ ಮೊದಲು ಮರಗಸಿ ಮಾಡಲು ಸಿಲ್ವರ್ ಓಕ್ ಹತ್ತಿ ಬಿದ್ದವರು, ಮೆಣಸು ಕೊಯ್ಯುವಾಗ ಏಣಿ ಜಾರಿದವರು, ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಕೈ ಕಳೆದುಕೊಂಡವರು. ಪ್ರತಿ ವರ್ಷ ಇಂಥ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಸತ್ತರೆ ಆ ನಾಲ್ಕು ಸಾಲು. ಬೆನ್ನುಮೂಳೆ ಮುರಿದು ಬದುಕಿದರೆ ಅದೂ ಇಲ್ಲ.

ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ದೇಶಕ್ಕೆ 1923ರಲ್ಲೇ ಬಂತು. ಪರಿಹಾರ ಸಿಗುತ್ತದೋ ಇಲ್ಲವೋ ಎಂಬುದು ಬೇರೆಯೇ ಕಥೆ. ಅದನ್ನು ಹೇಳಲು ಹೊರಟರೆ ಕಡುಬು ಆರುತ್ತದೆ. ನನಗೆ ಕಾಡುವುದು ಆಮೇಲಿನ ಪ್ರಶ್ನೆ: ದುಡ್ಡು ಬಂತು ಎಂದೇ ಇಟ್ಟುಕೊಳ್ಳಿ, ಮೂವತ್ತೈದು ವರ್ಷದ ಆ ಮನುಷ್ಯ ಮುಂದಿನ ಮೂವತ್ತು ವರ್ಷ ಏನು ಮಾಡಬೇಕು?

ಆಸ್ಪತ್ರೆಯಲ್ಲಿ ಅವನಿಗೆ ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಶೇಕಡಾ ಅರವತ್ತು, ಎಪ್ಪತ್ತು ಎಂದು ಬರೆದಿರುತ್ತದೆ. ಆ ಕಾಗದ ಬೇಕು, ಸವಲತ್ತುಗಳಿಗೆ ಹೆಚ್ಚಾಗಿ ಶೇಕಡಾ 40ರ ಗೆರೆ ಇದೆ. ಆದರೆ ಆ ಅಂಕಿ ಅಳೆಯುವುದು ದೇಹವನ್ನು. ಅವನ ಕೆಲಸ ಹೋಗುವುದು ಗೋದಾಮಿನ ಮೂರು ಮೆಟ್ಟಿಲ ಹತ್ತಿರ, ಕೆಜಿ ಲೆಕ್ಕದ ಕೂಲಿಯ ಹತ್ತಿರ, ‘ಪಾಪ, ಅವನ ಕೈಲಿ ಏನಾಗುತ್ತೆ’ ಎನ್ನುವ ರೈಟರ ಬಾಯಿಯ ಹತ್ತಿರ. ಇವು ಯಾವ ಪ್ರಮಾಣಪತ್ರದಲ್ಲೂ ಬರುವುದಿಲ್ಲ.

ಒಂದು ತೋಟದ ಸಂಗತಿ ಹೇಳುತ್ತೇನೆ. ಹೆಸರು ಬೇಡ. ಮರದಿಂದ ಬಿದ್ದು ಎರಡೂ ಕಾಲಿನ ಬಲ ಕಳೆದುಕೊಂಡ ಒಬ್ಬರು ಎರಡು ವರ್ಷ ಲೈನ್ ಮನೆಯ ಒಳಗೇ ಇದ್ದರು. ಎಸ್ಸೆಸ್ಸೆಲ್ಸಿ ಓದಿದ್ದರು, ಅಕ್ಷರ ದುಂಡಗೆ. ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿ ಬರೆದುಕೊಳ್ಳುವ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದಾಗ ಮೇಸ್ತ್ರಿಗೆ ಇವರ ನೆನಪಾಯಿತು. ಅಡ್ಡಿ ಏನೆಂದರೆ, ತೂಕದ ಯಂತ್ರ ಇದ್ದದ್ದು ಗೋದಾಮಿನ ಎತ್ತರದ ಜಗಲಿಯ ಮೇಲೆ. ಮಾಲೀಕರು ಯಂತ್ರವನ್ನು ಕೆಳಗಿಳಿಸಿ, ಮೇಲೊಂದು ತಗಡಿನ ಮಾಡು ಹಾಕಿಸಿದರು. ಅಷ್ಟೇ. ಮರುವಾರದಿಂದ ಇವರು ತೂಕ ಬರೆಯತೊಡಗಿದರು. ಇದರಲ್ಲಿ ಯಾರೂ ಎಣಿಸಿರದ ಇನ್ನೊಂದು ಲಾಭವಾಯಿತು. ದಿನವೆಲ್ಲ ಕೊಯ್ದು ಸುಸ್ತಾದ ಹೆಂಗಸರು ತಲೆಯ ಮೇಲೆ ಚೀಲ ಹೊತ್ತು ಆ ಮೆಟ್ಟಿಲು ಹತ್ತುವುದೂ ತಪ್ಪಿತು. ಅಷ್ಟು ವರ್ಷ ಅವರು ಹತ್ತಿದ್ದರು, ಯಾರೂ ಕೇಳಿರಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದಕ್ಕೆ ಒಂದು ಹೆಸರು ಕೊಟ್ಟಿದೆ. ಕನ್ನಡದಲ್ಲಿ ‘ಸೂಕ್ತ ಹೊಂದಾಣಿಕೆ’ ಎನ್ನಬಹುದು. ಮಾಡಿಸುವವರ ಮೇಲೆ ತಾಳಲಾರದ ಹೊರೆ ಬೀಳದ ಹಾಗೆ, ಕೆಲಸವನ್ನೋ ಜಾಗವನ್ನೋ ವ್ಯಕ್ತಿಗೆ ತಕ್ಕಂತೆ ಬದಲಿಸಿಕೊಳ್ಳುವುದು ಎಂದರ್ಥ. ಈ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಈಗ 21 ಇವೆ. ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಶೇಕಡಾ 3ರಿಂದ 4ಕ್ಕೆ ಏರಿತು. ಸರ್ಕಾರಿ ನೌಕರರು ಸೇವೆಯಲ್ಲಿದ್ದಾಗ ವಿಕಲಚೇತನರಾದರೆ ಅವರನ್ನು ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗಿಲ್ಲ. ಇವಿಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಖಾಸಗಿ ಸಂಸ್ಥೆಯೂ ಯಾವ ಯಾವ ಕೆಲಸ ವಿಕಲಚೇತನರಿಗೆ ಹೊಂದುತ್ತದೆ, ಏನು ಅನುಕೂಲ ಮಾಡಿದ್ದೇವೆ ಎಂದು ಬರೆದಿಟ್ಟುಕೊಳ್ಳಬೇಕು. ನಮ್ಮ ಸುತ್ತಲಿನ ದೊಡ್ಡ ತೋಟಗಳಲ್ಲಿ ಇಪ್ಪತ್ತು ಜನ ಬೆಳಗಿನ ಹಾಜರಿಗೇ ಇರುತ್ತಾರೆ. ಆ ಪಟ್ಟಿ ಬರೆಯಲು ಕೂತರೆ ಅದು ಚಿಕ್ಕದಾಗುವುದಿಲ್ಲ. ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ಗೊಬ್ಬರ ತುಂಬುವುದು, ಮಣ್ಣನ್ನು ನೆಲದ ಬದಲು ಮೇಜಿನ ಎತ್ತರಕ್ಕೆ ಇಟ್ಟರೆ ಸಾಕು. ಕಣದ ಬದಿಯಲ್ಲಿ ಹಸಿರು ಕಾಯಿ ಬೇರೆ ಮಾಡುವುದು, ಮೆಣಸು ಬಿಡಿಸಿ ಆರಿಸುವುದು, ಪಲ್ಪರ್ ಮನೆಯ ಲೆಕ್ಕ, ಗೊಬ್ಬರ ಔಷಧಿಯ ದಾಸ್ತಾನು, ಕೂಸಿನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು.

ಕೆಜಿ ಲೆಕ್ಕದ ಕೂಲಿಯ ಬಗ್ಗೆ ಮಾಲೀಕರು ಕೇಳುತ್ತಾರೆ: ಒಂದೇ ಕೈಯಲ್ಲಿ ಕೊಯ್ಯುವವಳಿಗೆ ಅಷ್ಟೇ ಸಂಬಳ ಹೇಗೆ ಕೊಡುವುದು? ಕೇಳುವುದು ನ್ಯಾಯವೇ, ಕಾಫಿ ಬೆಲೆ ಬಿದ್ದ ವರ್ಷಗಳನ್ನು ನಾವೂ ನೋಡಿದ್ದೇವೆ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕರ್ನಾಟಕ ಇದಕ್ಕೊಂದು ದಾರಿ ಮಾಡಿತ್ತು: ವಿಕಲಚೇತನರು, ಹಿರಿಯ ನಾಗರಿಕರು ನಿಗದಿ ಕೆಲಸದ ಅರ್ಧ ಮಾಡಿದರೆ ಪೂರ್ತಿ ಕೂಲಿ. ಖಾಸಗಿ ತೋಟಕ್ಕೆ ಇದನ್ನೇ ಎತ್ತಿ ಹಾಕಲಾಗದು, ಒಪ್ಪುತ್ತೇನೆ. ದಿನಗೂಲಿಯ ಕೆಲಸಕ್ಕೆ ಅವಳನ್ನು ಹಾಕಿ, ಕೆಜಿ ಲೆಕ್ಕದಿಂದ ಬಿಡಿಸಬಹುದಲ್ಲ, ಅಷ್ಟೇ ನನ್ನ ಕೋರಿಕೆ.

ಮನೆಯಿಂದ ಹೊರಬರುವುದೇ ಆಗದಿದ್ದರೆ ಕೆಲಸದ ಮಾತು ವ್ಯರ್ಥ. ನಮ್ಮ ಮಲೆನಾಡಿನ ಮನೆ ಮಳೆಗೆ ಹೆದರಿ ಎತ್ತರದ ಮೇಲೆ ಕೂತಿದೆ. ಅಂಗಳದಾಚೆ ಇಳಿಜಾರು, ಕೆಸರು, ಕಾಲುಸಂಕ. ಶಿಬಿರದಲ್ಲಿ ಕೊಡುವ ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರ ನಮ್ಮ ಜೂನ್ ತಿಂಗಳಿನ ಮಣ್ಣಲ್ಲಿ ಎರಡು ಅಡಿ ಹೋಗುವುದಿಲ್ಲ. ಫೋಟೋ ತೆಗೆಸಿಕೊಂಡ ಮೇಲೆ ಅದು ಜಗಲಿಯ ಮೂಲೆ ಸೇರಿ, ಮೇಲೆ ಕಂಬಳಿ ಒಣಹಾಕಲು ಬಳಕೆಯಾಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅಲ್ಲಿ ಬೇಕಿರುವುದು ಮನೆಯಿಂದ ರಸ್ತೆಯವರೆಗೆ ಮೂರು ಅಡಿ ಅಗಲದ ಕಾಂಕ್ರೀಟು ದಾರಿ. ಗ್ರಾಮ ಪಂಚಾಯಿತಿ ತನ್ನ ಆದಾಯದಲ್ಲಿ ಶೇಕಡಾ 5 ವಿಕಲಚೇತನರಿಗೆ ಮೀಸಲಿಡಬೇಕು. ಆ ದುಡ್ಡು ಸಾಮಾನ್ಯವಾಗಿ ಮಾರ್ಚ್ ತಿಂಗಳಿನಲ್ಲಿ ಅವಸರದಿಂದ ಖರ್ಚಾಗುತ್ತದೆ. ಗ್ರಾಮಸಭೆಯಲ್ಲಿ ಮೊದಲೇ ಕೇಳಿದರೆ ದಾರಿಯಾಗುತ್ತದೆ.

ಆಪತ್ತಿನ ಹೊತ್ತಿನಲ್ಲಂತೂ ಇದು ಜೀವದ ಪ್ರಶ್ನೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ಓಡಲಾರದವರು ಯಾವ ಮನೆಯಲ್ಲಿದ್ದಾರೆ ಎಂಬ ಪಟ್ಟಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಬಳಿ ಇರಬೇಕೆಂದು ಕಾಯ್ದೆಯ 8ನೇ ಕಲಮು ಹೇಳುತ್ತದೆ. ಆನೆಯ ವಿಷಯವೂ ಹಾಗೆಯೇ. ಹಿಂಡು ಬಂದಿದೆ ಎಂದು ಅರಣ್ಯ ಇಲಾಖೆಯವರು ಜೀಪಿಗೆ ಮೈಕು ಕಟ್ಟಿ ಕೂಗುತ್ತಾ ಹೋಗುತ್ತಾರೆ. ಕಿವಿ ಕೇಳಿಸದ ಕೆಲಸಗಾರ ಅದೇ ತೋಟದೊಳಗೆ ತಲೆ ಬಗ್ಗಿಸಿ ಚಿಗುರು ತೆಗೆಯುತ್ತಿರುತ್ತಾನೆ. ಬೆಳಿಗ್ಗೆ ಹಾಜರಿ ಹಾಕುವಾಗಲೇ ಅವನ ಜೊತೆಗೊಬ್ಬರು ಎಂದು ಜೋಡಿ ಮಾಡಿದರೆ ಮುಗಿಯಿತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರ ಸಂಖ್ಯೆ ಸುಮಾರು 13.24 ಲಕ್ಷ. ಎಂಟು ಬಗೆಯನ್ನಷ್ಟೇ ಕೇಳಿ ಬರೆದ ಲೆಕ್ಕ ಅದು. ಗುರುಗಳಿಗೆ ಇದನ್ನು ಹೇಳಲು ಕಾರಣವಿದೆ. ಓದುವಾಗ ಅಕ್ಷರ ತಲೆಕೆಳಗಾಗಿ ಕಾಣುವ ಮಗುವನ್ನು ನಮ್ಮ ಕಾಲದಲ್ಲಿ ‘ದಡ್ಡ’ ಎನ್ನುತ್ತಿದ್ದರು. ಆ ಕಲಿಕಾ ನ್ಯೂನತೆ ಈಗ 21ರಲ್ಲಿ ಒಂದು. 2021ರಲ್ಲಿ ವಿಕಾಸ್ ಕುಮಾರ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ಅವರಿಗೆ, ಪ್ರಮಾಣಪತ್ರದ ಶೇಕಡಾ 40 ಇಲ್ಲವೆಂಬ ಕಾರಣಕ್ಕೆ ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ನಿರಾಕರಿಸುವಂತಿಲ್ಲ ಎಂದಿತು. ಎಸ್ಸೆಸ್ಸೆಲ್ಸಿ ಮಕ್ಕಳಲ್ಲಿ ಇಂಥವರು ಕಂಡರೆ ಡಿಸೆಂಬರ್‌ವರೆಗೆ ಕಾಯಬೇಡಿ, ಜೂನ್‌ನಲ್ಲೇ ಅರ್ಜಿ ಬರೆಸಿ.

ಕೊನೆಯದಾಗಿ ಸಮಿತಿಯವರಿಗೆ. ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ ಕಟ್ಟಲಿರುವ ರಂಗಮಂದಿರದ ನಕ್ಷೆಯನ್ನು ಬೆಳಿಗ್ಗೆ ನೋಡಿದೆ, ಚೆನ್ನಾಗಿದೆ. ವೇದಿಕೆ ಎರಡೂವರೆ ಅಡಿ ಎತ್ತರ, ಎರಡೂ ಬದಿಗೆ ಮೆಟ್ಟಿಲು. ಇಳಿಜಾರು ದಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅಂದರೆ ಮೂವತ್ತು ಅಡಿ. ಪೂರ್ವದ ಗೋಡೆಯ ಪಕ್ಕ ಅಷ್ಟು ಜಾಗವಿದೆ, ಅಳೆದು ನೋಡಿದೆ. ನಡುವೆ ನಿಂತು ಸುಧಾರಿಸಿಕೊಳ್ಳಲು ಒಂದು ಸಮತಟ್ಟು, ಎರಡೂ ಕಡೆ ಹಿಡಿಕೆ. ಶೌಚಾಲಯದ ಬಾಗಿಲು ಮೂರು ಅಡಿಗಿಂತ ಕಿರಿದಾಗದಿರಲಿ, ಹೊರಕ್ಕೆ ತೆರೆಯಲಿ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರೂ ವಿಕಲಚೇತನರೇ. ಪಾಯ ತೆಗೆಯುವ ಮುಂಚೆ ಅವರನ್ನು ಕರೆಸಿ ನಕ್ಷೆ ತೋರಿಸಿ. ಬರುವ ಸೋಮವಾರ ಗುತ್ತಿಗೆದಾರರು ಬರುತ್ತಾರಂತೆ. ಭಾನುವಾರದೊಳಗೆ ಆಗಬೇಕು.